ಗಾಲ್ಫ್ ಯಾಕೆ ದಪ್ಪಗಾಯಿತು?

2025ರಲ್ಲಿ ಫೋಕ್ಸ್‌ವ್ಯಾಗನ್ ಗಾಲ್ಫ್ ಜಿಟಿಐ ಆಮದಾಗಿ ಭಾರತದ ಮಾರುಕಟ್ಟೆಗೆ ಬಂತು. ಅದರ 265 ಅಶ್ವಶಕ್ತಿ, ಸುಮಾರು 53 ಲಕ್ಷ ರೂಪಾಯಿಯ ಎಕ್ಸ್-ಶೋರೂಂ ಬೆಲೆ ಎರಡೂ ಸುದ್ದಿಯಾದವು. ಆದರೆ ಆ ಕಾರಿನ ವಿವರಪಟ್ಟಿಯಲ್ಲಿ ಹೆಚ್ಚು ಯೋಚನೆಗೆ ಹಚ್ಚುವ ಅಂಕಿ ತೂಕದ್ದು. 1976ರ ಮೊದಲ ಜಿಟಿಐ 810 ಕೆ.ಜಿ. ಇತ್ತು, ಇಂದಿನದು 1,400 ಕೆ.ಜಿ. ದಾಟುತ್ತದೆ. 1974ರ ಮೊದಲ ಗಾಲ್ಫ್‌ನ ಉದ್ದ 3,705 ಮಿ.ಮೀ.; 2019ರ ಎಂಟನೆಯ ತಲೆಮಾರಿನದು 4,284. ಚಾಕಣದಲ್ಲಿ ತಯಾರಾಗಿ ನಮ್ಮ ಊರುಗಳಲ್ಲಿ 2022ರವರೆಗೆ ಮಾರಾಟವಾದ ಪೋಲೊ ಗಾಲ್ಫ್‌ಗಿಂತ ಒಂದು ಮೆಟ್ಟಿಲು ಕೆಳಗಿನ ಕಾರು. ಅದೂ ಮೊದಲ ಗಾಲ್ಫ್‌ಗಿಂತ ಇಪ್ಪತ್ತಾರು ಸೆಂ.ಮೀ. ಉದ್ದ! ಯಾಕೆ ಹೀಗೆ ಎಂದು ಕೇಳಿದರೆ ಎಲ್ಲರ ಬಾಯಲ್ಲೂ ಒಂದೇ ಉತ್ತರ: ಸುರಕ್ಷತೆಗಾಗಿ. ಈ ಉತ್ತರ ಅರ್ಧ ಮಾತ್ರ ಸರಿ, ಮತ್ತು ಉಳಿದರ್ಧ ತಪ್ಪೆಂಬುದಕ್ಕೆ ಗಾಲ್ಫ್‌ನ ಚರಿತ್ರೆಯೇ ಸಾಕ್ಷಿ.

ಮೊದಲ ಗಾಲ್ಫ್ ಹುಟ್ಟಿದ್ದೇ ಒಂದು ಗಂಡಾಂತರದಲ್ಲಿ. ಹಿಂದೆ ಎಂಜಿನ್, ಗಾಳಿಯಿಂದ ತಂಪಾಗುವ ವ್ಯವಸ್ಥೆ ಇದ್ದ ಬೀಟಲ್‌ಗೆ ವಯಸ್ಸಾಗಿತ್ತು. ಅದರ ಉತ್ತರಾಧಿಕಾರಿಗಾಗಿ ಪೋರ್ಷೆ ಕಂಪನಿ, ಹಿಂದಿನ ಸೀಟಿನ ಕೆಳಗೆ ಎಂಜಿನ್ ಇಟ್ಟ ಇಎ 266 ಎಂಬ ಕಾರನ್ನು ರೂಪಿಸುತ್ತಿತ್ತು. 1971ರಲ್ಲಿ ಫೋಕ್ಸ್‌ವ್ಯಾಗನ್‌ನ ಚುಕ್ಕಾಣಿ ಹಿಡಿದ ರುಡಾಲ್ಫ್ ಲೈಡಿಂಗ್ ಆ ಯೋಜನೆಗೆ ಎಳ್ಳುನೀರು ಬಿಟ್ಟರು. ಬದಲಿಗೆ ಆಯ್ಕೆಯಾದದ್ದು ಇಟಲಿಯ ದಾರಿ. ಎಂಜಿನ್ನನ್ನು ಅಡ್ಡಲಾಗಿ ಮುಂದೆ ಕೂರಿಸಿ ಮುಂದಿನ ಗಾಲಿಗಳನ್ನೇ ತಿರುಗಿಸುವ ಉಪಾಯವನ್ನು 1959ರಲ್ಲಿ ಬ್ರಿಟನ್ನಿನ ಮಿನಿ ಕಾರಿನಲ್ಲಿ ಅಲೆಕ್ ಇಸಿಗೊನಿಸ್ ಜನಪ್ರಿಯಗೊಳಿಸಿದ್ದರು, ನಿಜ. ಆದರೆ ಅವರು ಗೇರ್‌ಬಾಕ್ಸನ್ನು ಎಂಜಿನ್ನಿನ ಅಡಿಗೆ ತುರುಕಿದ್ದರು. ಎರಡಕ್ಕೂ ಒಂದೇ ಆಯಿಲ್. ಫಿಯಟ್‌ನ ದಾಂತೆ ಜಕೋಸಾ ಗೇರ್‌ಬಾಕ್ಸನ್ನು ಎಂಜಿನ್ನಿನ ಪಕ್ಕಕ್ಕೆ ಜೋಡಿಸಿ, ಎಡ-ಬಲ ಗಾಲಿಗಳಿಗೆ ಬೇರೆ ಬೇರೆ ಉದ್ದದ ದಂಡಗಳನ್ನು ಕೊಟ್ಟು ತೊಡಕು ಬಿಡಿಸಿದರು. 1964ರ ಆಟೊಬಿಯಾಂಕಿ ಪ್ರಿಮುಲಾದಲ್ಲಿ ಪರೀಕ್ಷೆಯಾಗಿ, 1969ರ ಫಿಯಟ್ 128ರಲ್ಲಿ ಪಳಗಿದ ಈ ಜೋಡಣೆಯೇ ಗಾಲ್ಫ್‌ಗೂ ಬಂತು; ಇಂದು ನಮ್ಮ ರಸ್ತೆಯ ಬಹುಪಾಲು ಸಣ್ಣ ಕಾರುಗಳ ಬಾನೆಟ್ ಎತ್ತಿದರೂ ಕಾಣುವುದು ಅದೇ. ಜಕೋಸಾ ಹೆಸರು ಜುಜಾರೊ ಹೆಸರಿನಷ್ಟು ಪ್ರಸಿದ್ಧವಾಗದೆ ಹೋದದ್ದು ಅನ್ಯಾಯ. ಗಾಲ್ಫ್‌ನ ನೇರ ಗೆರೆಗಳನ್ನು ಬರೆದವರು ಜಾರ್ಜೆಟ್ಟೊ ಜುಜಾರೊ. ಆ ಗೆರೆಗಳೊಳಗೆ ನಾಲ್ವರು ಕಾಲು ಚಾಚಿ ಕೂರುವಷ್ಟು ಜಾಗ ಉಳಿಸಿಕೊಟ್ಟದ್ದು ಜಕೋಸಾ ಅವರ ಜೋಡಣೆ. ಒಂದು ಕಿಲೋ ತೂಕವನ್ನೂ ಸೇರಿಸದೆ ಜಾಗ ಹೆಚ್ಚಿಸಿದ ವಿದ್ಯೆ ಅದು.

ಆಮೇಲಿನ ಕತೆ ಸೇರಿಸುತ್ತಾ ಹೋದದ್ದರದು. 1983ರ ಎರಡನೆಯ ತಲೆಮಾರು ಸುಮಾರು 28 ಸೆಂ.ಮೀ. ಉದ್ದವಾಯಿತು. 1991ರಲ್ಲಿ ಬಂದ ಮೂರನೆಯದಕ್ಕೆ ಏರ್‌ಬ್ಯಾಗ್ ಬಂತು, 1997ರ ನಾಲ್ಕನೆಯದಕ್ಕೆ ಜಾರದಂತೆ ಹಿಡಿಯುವ ಇಎಸ್‌ಪಿ ಬಂತು, 2003ರ ಐದನೆಯದಕ್ಕೆ ಹಿಂಬದಿಯಲ್ಲಿ ಸಂಕೀರ್ಣ ಸಸ್ಪೆನ್ಷನ್. ಜೊತೆಗೆ ಎಸಿ, ಕರೆಂಟಿನ ಕಿಟಕಿ, ಶಬ್ದ ತಡೆಯುವ ಹಾಸು. ಪ್ರತಿ ಹೊಸ ವಸ್ತುವಿನ ತೂಕ ಅಲ್ಲಿಗೇ ನಿಲ್ಲುವುದಿಲ್ಲ. ಕಾರು ಭಾರವಾದರೆ ಬ್ರೇಕ್ ದೊಡ್ಡದಾಗಬೇಕು, ಬ್ರೇಕ್ ದೊಡ್ಡದಾದರೆ ಗಾಲಿ, ಗಾಲಿ ದೊಡ್ಡದಾದರೆ ಸಸ್ಪೆನ್ಷನ್, ಇಷ್ಟನ್ನೂ ಎಳೆಯಲು ಇನ್ನೂ ಬಲವಾದ ಎಂಜಿನ್. ಮೊದಲ ಗಾಲ್ಫ್‌ನ ಅತಿ ಹಗುರ ಮಾದರಿ ಸುಮಾರು 750 ಕೆ.ಜಿ.; 2008ರ ಆರನೆಯದು 1,200ರ ಆಸುಪಾಸು. ಇದೇ ಅವಧಿಯಲ್ಲಿ ಎಂಜಿನಿಯರುಗಳು ಗಾಳಿಯ ಪ್ರತಿರೋಧ ಗುಣಾಂಕವನ್ನು 0.42ರಿಂದ 0.30ರ ಸಮೀಪಕ್ಕೆ ಇಳಿಸಿದ್ದರು. ಆ ಲಾಭದ ಒಂದು ಭಾಗವನ್ನು ಅಗಲವಾದ ದೇಹವೇ ನುಂಗಿತು.

ಸುರಕ್ಷತೆಯ ವಾದವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಗಂಟೆಗೆ 64 ಕಿ.ಮೀ. ವೇಗದಲ್ಲಿ ಕಾರು ಗೋಡೆಗೆ ಬಡಿಯಿತೆನ್ನಿ. ಮೂತಿ 30 ಸೆಂ.ಮೀ. ಮಾತ್ರ ಕುಗ್ಗಿ ನಿಂತರೆ ಒಳಗಿದ್ದವರ ಮೇಲೆ ಸರಾಸರಿ ಗುರುತ್ವದ 54 ಪಟ್ಟು ಹೊಡೆತ, 60 ಸೆಂ.ಮೀ. ಕುಗ್ಗಿದರೆ 27 ಪಟ್ಟು. ಮರ್ಸಿಡಿಸ್‌ನ ಬೇಲಾ ಬಾರೆನಿ 1950ರ ದಶಕದ ಆರಂಭದಲ್ಲೇ ಪೇಟೆಂಟ್ ಪಡೆದ ವಿಚಾರ ಇದು: ಮುಂದೆ ಮತ್ತು ಹಿಂದೆ ಮುದುಡಬೇಕು, ನಡುವಿನ ಕೋಣೆ ಮುರಿಯಬಾರದು. ಅಂದರೆ ಉದ್ದ ಬೇಕು, ಕೋಣೆಗೆ ಬಲ ಬೇಕು. ಆದರೆ ಈ ಲೆಕ್ಕದಲ್ಲಿ ಕಾರಿನ ತೂಕ ಎಲ್ಲೂ ಬರಲಿಲ್ಲ ಎಂಬುದನ್ನು ಗಮನಿಸಿ. ತೂಕ ಕೆಲಸಕ್ಕೆ ಬರುವುದು ಎದುರಿನಿಂದ ಇನ್ನೊಂದು ವಾಹನ ಬಂದಾಗ. 800 ಕೆ.ಜಿ.ಯ ಕಾರೂ 1,600 ಕೆ.ಜಿ.ಯ ಕಾರೂ ಮುಖಾಮುಖಿ ಡಿಕ್ಕಿಯಾದರೆ ಹಗುರ ಕಾರಿನ ವೇಗದಲ್ಲಿ ಆಗುವ ಬದಲಾವಣೆ ಭಾರದ ಕಾರಿನದ್ದರ ಎರಡರಷ್ಟು. ಭಾರದ ಕಾರಿನವನು ಬಚಾವಾದ ನಿಜ, ಆದರೆ ಅವನ ಪಾಲಿನ ಪೆಟ್ಟನ್ನು ಎದುರಿನವನು ತಿಂದ. ಇದನ್ನು ಸುರಕ್ಷತೆ ಎನ್ನುವುದಕ್ಕಿಂತ ಪೆಟ್ಟಿನ ವರ್ಗಾವಣೆ ಎನ್ನುವುದು ಲೇಸು.

2012ರ ಏಳನೆಯ ಗಾಲ್ಫ್ ಬಂದು ಚರ್ಚೆಗೆ ಒಂದು ದಾರಿ ತೋರಿಸಿತು. ಹಿಂದಿನದಕ್ಕಿಂತ ಉದ್ದ, ಯುರೋ ಎನ್‌ಸಿಎಪಿಯ ಡಿಕ್ಕಿ ಪರೀಕ್ಷೆಯಲ್ಲಿ ಐದು ನಕ್ಷತ್ರ, ಆದರೂ ಮಾದರಿಗೆ ತಕ್ಕಂತೆ 100 ಕೆ.ಜಿ.ಯವರೆಗೆ ಹಗುರ, ನಾಲ್ಕನೆಯ ತಲೆಮಾರಿನ ತೂಕಕ್ಕೆ ಮರಳಿತ್ತು. ಗುಟ್ಟು ಇದ್ದದ್ದು ಉಕ್ಕಿನಲ್ಲಿ. ಕಮ್ಮಾರ ಕುಡುಗೋಲನ್ನು ಕೆಂಪಗೆ ಕಾಯಿಸಿ, ಬಡಿದು, ಚುಯ್ಯೆಂದು ನೀರಿಗೆ ಅದ್ದುತ್ತಾನಲ್ಲ, ಕಾರ್ಖಾನೆಯಲ್ಲೂ ನಡೆಯುವುದು ಅದೇ. ಚಿಟಿಕೆ ಬೋರಾನ್ ಬೆರೆತ ಉಕ್ಕಿನ ಹಾಳೆಯನ್ನು 900 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆ ಕಾಯಿಸುತ್ತಾರೆ. ಕೆಂಪಗಿರುವಾಗ ಅದು ಮೆತ್ತಗಿರುವುದರಿಂದ ಎಂಥ ಆಕಾರಕ್ಕೂ ಬಗ್ಗುತ್ತದೆ. ಒಳಗೆ ತಣ್ಣೀರು ಹರಿಯುವ ಅಚ್ಚು ಅದನ್ನು ಅದುಮಿ, ಆಕಾರ ಕೊಡುತ್ತಲೇ ಕೆಲವೇ ಸೆಕೆಂಡುಗಳಲ್ಲಿ ತಣಿಸುತ್ತದೆ. ನಿಧಾನವಾಗಿ ತಣಿದಿದ್ದರೆ ಇಂಗಾಲದ ಪರಮಾಣುಗಳು ಕಬ್ಬಿಣದ ಜಾಲದಿಂದ ಆಚೆ ಸರಿಯುತ್ತಿದ್ದವು. ಈ ಅವಸರದಲ್ಲಿ ಅವು ಅಲ್ಲೇ ಸಿಕ್ಕಿಕೊಂಡು ಜಾಲವನ್ನು ಬಿಗಿಯುತ್ತವೆ. ಹೀಗೆ ಹುಟ್ಟುವ ಮಾರ್ಟೆನ್‌ಸೈಟ್‌ನ ಬಲ ಸುಮಾರು 1,500 ಮೆಗಾಪಾಸ್ಕಲ್, ಮಾಮೂಲಿ ಮೆದು ಉಕ್ಕಿನ ಹಲವು ಪಟ್ಟು. ಆದ್ದರಿಂದ ಬಾಗಿಲ ಪಕ್ಕದ ಕಂಬಕ್ಕೆ ತೆಳು ಹಾಳೆಯೇ ಸಾಕಾಗುತ್ತದೆ.

ತೂಕ ಹೆಚ್ಚಿದರೇನು, ಮೈಲೇಜೂ ಹೆಚ್ಚಿದೆಯಲ್ಲ ಎನ್ನುವವರಿದ್ದಾರೆ. ಏಳನೆಯ ಗಾಲ್ಫ್‌ನ ಬ್ಲೂಮೋಷನ್ ಡೀಸೆಲ್‌ಗೆ 100 ಕಿ.ಮೀ.ಗೆ 3.2 ಲೀಟರ್ ಸಾಕೆಂದು ಪ್ರಯೋಗಾಲಯದ ಅಂಕಿ ಹೇಳಿತ್ತು. ಇಂಥ ಅಂಕಿಗಳನ್ನು ಚಿಟಿಕೆ ಉಪ್ಪು ಉದುರಿಸಿಯೇ ಸವಿಯಬೇಕು. ಪ್ರಯೋಗಾಲಯಕ್ಕೂ ರಸ್ತೆಗೂ ಎಷ್ಟು ಅಂತರವಿರಬಲ್ಲದೆಂದು 2015ರ ಡೀಸೆಲ್ ಹೊಗೆ ಹಗರಣ ಇದೇ ಕಂಪನಿಯ ಸುಮಾರು 1.1 ಕೋಟಿ ವಾಹನಗಳ ಮೂಲಕ ತೋರಿಸಿತು. ಸುಧಾರಣೆ ಸುಳ್ಳಲ್ಲ. ಆದರೆ ಅದೇ ಎಂಜಿನ್ 800 ಕೆ.ಜಿ.ಯ ದೇಹವನ್ನು ಎಳೆದಿದ್ದರೆ ಉಳಿತಾಯ ಇನ್ನೂ ಹೆಚ್ಚಿರುತ್ತಿತ್ತು.

ತೂಕ ಇಷ್ಟು ಮುಖ್ಯವಾದರೂ ನಮ್ಮ ದೇಶದ ತೆರಿಗೆ ನಿಯಮ ಸಣ್ಣ ಕಾರನ್ನು ಗುರುತಿಸುವುದು ನಾಲ್ಕು ಮೀಟರ್ ಉದ್ದ ಮತ್ತು ಎಂಜಿನ್ ಗಾತ್ರದಿಂದ. ಈ ಗೆರೆಯೊಳಗೆ ತೂರಿಸಲು 2008ರಲ್ಲಿ ಟಾಟಾ ಇಂಡಿಗೊದ ಡಿಕ್ಕಿಯನ್ನೇ ಮೊಟಕುಗೊಳಿಸಲಾಯಿತು. ನಾಲ್ಕು ಮೀಟರಿನೊಳಗೂ ಸುರಕ್ಷಿತ ಕಾರು ಸಾಧ್ಯ; 2018ರಲ್ಲಿ ಟಾಟಾದ ನೆಕ್ಸಾನ್ ಗ್ಲೋಬಲ್ ಎನ್‌ಸಿಎಪಿಯ ಐದು ನಕ್ಷತ್ರ ಗಳಿಸಿತು. ಅದರ ಶ್ರೇಯಸ್ಸು ಗಟ್ಟಿ ಕೋಣೆಗೆ ಸೇರಬೇಕು, ಉದ್ದದ ಮಿತಿಗಲ್ಲ. ಮುದುಡಲು ಬೇಕಾದ ಉದ್ದವನ್ನು ಕಟ್ಟಿಹಾಕಿ, ಪಕ್ಕದ ಬೈಕ್ ಸವಾರನಿಗೆ ಅಪಾಯವಾದ ತೂಕವನ್ನು ಬೇಕಾಬಿಟ್ಟಿ ಬಿಟ್ಟಿರುವ ನಿಯಮ ಇದು. ಫ್ರಾನ್ಸ್ 2022ರಿಂದ 1,800 ಕೆ.ಜಿ. ಮೀರಿದ ಕಾರಿಗೆ ತೂಕದ ತೆರಿಗೆ ಹಾಕಿತು. 2024ರಲ್ಲಿ ಮಿತಿಯನ್ನು 1,600ಕ್ಕೆ ಇಳಿಸಿತು. ನಮ್ಮ ಹಣಕಾಸು ಸಚಿವಾಲಯವೂ ಟೇಪು ಬಿಟ್ಟು ತಕ್ಕಡಿ ಹಿಡಿಯಬೇಕು.