ಲಾಗಿನ್ ಹಿಂದಿನ ರಾಗಿಕಲ್ಲು

ಒಂದು ಹಳ್ಳಿಯ ಹಾಲು ಉತ್ಪಾದಕರ ಸಹಕಾರ ಸಂಘಕ್ಕೆ ನೀವು ಜಾಲತಾಣ ಮಾಡಿಕೊಡಬೇಕು ಎಂದುಕೊಳ್ಳಿ. ಬೆಳಿಗ್ಗೆ ಎಷ್ಟು ಲೀಟರ್ ಹಾಲು ಹಾಕಿದೆವು, ಫ್ಯಾಟ್ ಎಷ್ಟು ಬಂತು, ಬಟವಾಡೆ ಎಷ್ಟಾಯಿತು ಎಂಬುದನ್ನೆಲ್ಲ ಸದಸ್ಯರು ಮೊಬೈಲಿನಲ್ಲೇ ನೋಡಿಕೊಳ್ಳಬೇಕು. ಒಬ್ಬರ ಲೆಕ್ಕ ಇನ್ನೊಬ್ಬರಿಗೆ ಕಾಣಬಾರದು. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಬಲ್ಲವರು ಇಂಥ ಕೆಲಸಕ್ಕೆ ಹೆಚ್ಚಾಗಿ ಆರಿಸಿಕೊಳ್ಳುವುದು ಜಾಂಗೊ ಎಂಬ ಜಾಲತಾಣ ಕಟ್ಟುವ ಸಾಧನವನ್ನು. ಅಮೆರಿಕದ ಕಾನ್ಸಾಸ್ ರಾಜ್ಯದ ಲಾರೆನ್ಸ್ ಎಂಬ ಊರಿನ ದಿನಪತ್ರಿಕೆಯೊಂದರಲ್ಲಿ ಕೆಲಸಕ್ಕಿದ್ದ ಏಡ್ರಿಯನ್ ಹೊಲೊವಾಟಿ ಮತ್ತು ಸೈಮನ್ ವಿಲಿಸನ್ 2003ರಲ್ಲಿ ಇದನ್ನು ಬರೆಯತೊಡಗಿದರು. 2005ರಲ್ಲಿ ಅದು ಎಲ್ಲರಿಗೂ ಉಚಿತವಾಗಿ ಸಿಕ್ಕಿತು. ಸುದ್ದಿಮನೆಯ ಅವಸರದಲ್ಲಿ ಹುಟ್ಟಿದ ಸಾಧನವಾದ್ದರಿಂದ ಬೇಕಾದ ಸಾಮಾನೆಲ್ಲ ಸಿದ್ಧವಾಗಿಯೇ ಬರುತ್ತದೆ. ಲಾಗಿನ್ ವ್ಯವಸ್ಥೆಯೂ ಅದರಲ್ಲಿ ಸೇರಿದೆ.

ಆದರೆ ಆ ಸಿದ್ಧ ಲಾಗಿನ್ ನಮ್ಮ ಸಂಘದ ಹೊಸ್ತಿಲಲ್ಲೇ ಎಡವುತ್ತದೆ. ಅದು ಯೂಸರ್‌ನೇಮ್, ಇಮೇಲ್, ಫಸ್ಟ್ ನೇಮ್, ಲಾಸ್ಟ್ ನೇಮ್ ಎಂಬ ಕಾಲಂಗಳನ್ನು ಇಟ್ಟುಕೊಂಡು ಕೂತಿರುತ್ತದೆ. ನಮ್ಮ ಸದಸ್ಯರಿಗೆ ಬಾಯಿಪಾಠ ಇರುವುದು ಸದಸ್ಯ ಸಂಖ್ಯೆ ಮತ್ತು ಮೊಬೈಲ್ ನಂಬರ್. ಹೆಸರಿನ ವಿಷಯವಂತೂ ಇನ್ನೂ ತೊಡಕಿನದು. ಕುವೆಂಪು ಅವರ ಪೂರ್ಣ ಹೆಸರನ್ನೇ ನೋಡಿ: ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ. ಕುಪ್ಪಳಿ ಊರು, ವೆಂಕಟಪ್ಪ ತಂದೆ, ಪುಟ್ಟಪ್ಪ ಎಂಬುದೊಂದೇ ಅವರದು. ಆ ಕಾಲಂಗಳಿಗೆ ತುಂಬಿದರೆ ಊರು ‘ಫಸ್ಟ್ ನೇಮ್’ ಆಗಿ, ತೊಟ್ಟಿಲಲ್ಲಿ ಇಟ್ಟ ಹೆಸರು ಮನೆತನದ ಹೆಸರಿನ ಜಾಗಕ್ಕೆ ಹೋಗುತ್ತದೆ. ಹೀಗೆ ತಲೆಕೆಳಗಾದ ಹೆಸರುಗಳನ್ನು ನಾವು ಎಷ್ಟು ಅರ್ಜಿಗಳಲ್ಲಿ ಸಹಿಸಿಕೊಂಡಿಲ್ಲ! ನಮ್ಮದೇ ಸಂಘದ ನಮ್ಮದೇ ಜಾಲತಾಣದಲ್ಲಾದರೂ ‘ಹೆಸರು’ ಎಂಬ ಒಂದೇ ಕಾಲಂ ಇರಲಿ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

2013ರಲ್ಲಿ ಬಂದ 1.5ನೇ ಆವೃತ್ತಿಯಿಂದ ಜಾಂಗೊ ಇದಕ್ಕೆ ದಾರಿ ಬಿಟ್ಟಿದೆ. ಬಳಕೆದಾರ ಎಂದರೆ ಯಾರು ಎಂಬುದನ್ನು ನಾವೇ ಬರೆದು, ಸೆಟ್ಟಿಂಗ್ಸ್ ಕಡತದ ಒಂದು ಸಾಲಿನಲ್ಲಿ ಅದನ್ನು ತಿಳಿಸಬಹುದು. ಇರುವುದನ್ನು ಉಳಿಸಿಕೊಂಡು ಒಂದೆರಡು ಕಾಲಂ ಸೇರಿಸಿದರೆ ಸಾಕೆನ್ನುವವರಿಗೆ ಒಂದು ಅಚ್ಚು. ಪಾಸ್‌ವರ್ಡ್ ಮತ್ತು ಕೊನೆಯ ಲಾಗಿನ್ ಸಮಯ ಬಿಟ್ಟು ಮಿಕ್ಕಿದ್ದನ್ನೆಲ್ಲ ತಾವೇ ಕಟ್ಟಿಕೊಳ್ಳುವವರಿಗೆ ಇನ್ನೊಂದು. ಈ ತೀರ್ಮಾನವನ್ನು ಮೊದಲ ದಿನವೇ ಮಾಡಬೇಕು. ಹಾಲಿನ ಲೆಕ್ಕ, ಬಟವಾಡೆ, ಸಾಲ, ಹೀಗೆ ಪ್ರತಿ ಟೇಬಲ್ಲಿನ ಪ್ರತಿ ಸಾಲೂ ‘ಇದು ಇಂಥವರದು’ ಎಂದು ಬಳಕೆದಾರರ ಟೇಬಲ್ಲಿನತ್ತ ಬೊಟ್ಟು ಮಾಡಿರುತ್ತದೆ. ವರ್ಷ ಕಳೆದ ಮೇಲೆ ಆ ಟೇಬಲ್ಲನ್ನೇ ಬದಲಿಸಹೊರಟರೆ ಅಷ್ಟೂ ಬೊಟ್ಟುಗಳನ್ನು ಕೈಯಾರೆ ತಿರುಗಿಸಬೇಕಾಗುತ್ತದೆ.

ಇನ್ನೊಂದು ಎಚ್ಚರ. ಲಾಗಿನ್ ಆಗಲು ಮೊಬೈಲ್ ನಂಬರ್ ಇರಲಿ, ಆದರೆ ಆ ಬೊಟ್ಟುಗಳು ತೋರಿಸುವುದು ನಂಬರನ್ನಲ್ಲ, ಡೇಟಾಬೇಸ್ ತಾನೇ ಕೊಟ್ಟ ಒಳಗಿನ ಸಂಖ್ಯೆಯನ್ನು. ರೀಚಾರ್ಜ್ ಮಾಡದೆ ನಿಂತುಹೋದ ನಂಬರನ್ನು ಕಂಪನಿಗಳು ಕೆಲವು ತಿಂಗಳ ಮೇಲೆ ಬೇರೆಯವರಿಗೆ ಕೊಡುತ್ತವೆ. ನಂಬರೇ ಮನುಷ್ಯ ಎಂದು ಬಗೆದರೆ, ಅದರ ಜೊತೆಗೆ ನಂಜಮ್ಮನಂಥ ಸದಸ್ಯೆಯ ಹಾಲಿನ ದುಡ್ಡೂ ಕೈಬದಲಾಗುತ್ತದೆ.

ಬಂದವರು ಅವರೇ ಹೌದೋ ಎಂದು ನೋಡುವ ಕೆಲಸ ‘ಬ್ಯಾಕೆಂಡ್’ ಎಂಬ ತುಣುಕುಗಳದು. ಒಂದಕ್ಕಿಂತ ಹೆಚ್ಚು ಇದ್ದರೆ ಜಾಂಗೊ ಸಾಲಾಗಿ ಕೇಳುತ್ತಾ ಹೋಗುತ್ತದೆ. ಮೊದಲು ಯಾವುದು ‘ಹೌದು, ಇವರು ಗೊತ್ತು’ ಎನ್ನುತ್ತದೋ ಅಲ್ಲಿಗೆ ಬಾಗಿಲು ತೆರೆಯುತ್ತದೆ. ಸದಸ್ಯ ಸಂಖ್ಯೆಗೆ ಒಂದು, ಮೊಬೈಲಿಗೆ ಒಂದು ಬರೆದುಕೊಳ್ಳಬಹುದು. ಹತ್ತು ಹದಿನೈದು ಸಾಲಿನ ಕೆಲಸ.

ಅಷ್ಟು ಸುಲಭ ಎಂದು ಪಾಸ್‌ವರ್ಡ್ ಕಾಯುವ ವಿಧಾನವನ್ನೂ ತಾವೇ ಕಂಡುಹಿಡಿಯಲು ಹೊರಡುವವರಿದ್ದಾರೆ. ಅದು ಬೇಡ. 1960ರ ದಶಕದಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಕಂಪ್ಯೂಟರೊಂದರಲ್ಲಿ ಎರಡು ಕಡತಗಳು ಅದಲುಬದಲಾಗಿ, ಲಾಗಿನ್ ಆದವರಿಗೆಲ್ಲ ದಿನದ ಸಂದೇಶದ ಬದಲು ಎಲ್ಲರ ಪಾಸ್‌ವರ್ಡ್ ಪಟ್ಟಿಯೇ ಕಾಣಿಸಿತ್ತು. ಪಾಸ್‌ವರ್ಡನ್ನು ಇದ್ದ ಹಾಗೇ ಬರೆದಿಟ್ಟದ್ದರ ಫಲ ಅದು. ಈಗ ಬರೆದಿಡುವುದು ಅದರ ಹಿಟ್ಟನ್ನು ಮಾತ್ರ. ರಾಗಿಕಲ್ಲಿಗೆ ಹಾಕಿದ ಕಾಳು ಹಿಟ್ಟಾಗುತ್ತದೆ, ಹಿಟ್ಟು ಮರಳಿ ಕಾಳಾಗುವುದಿಲ್ಲ. ‘ಹ್ಯಾಶ್’ ಎಂಬ ಗಣಿತಕ್ರಿಯೆಯೂ ಹಾಗೆಯೇ. ಲಾಗಿನ್ ಸಮಯದಲ್ಲಿ ನೀವು ಕೊಟ್ಟ ಪಾಸ್‌ವರ್ಡನ್ನು ಮತ್ತೆ ಬೀಸಿ, ಎರಡು ಹಿಟ್ಟನ್ನು ಹೋಲಿಸುತ್ತಾರೆ. ಇಬ್ಬರು ಒಂದೇ ಪಾಸ್‌ವರ್ಡ್ ಇಟ್ಟರೂ ಹಿಟ್ಟು ಒಂದೇ ಆಗದಿರಲಿ ಎಂದು ಬೀಸುವ ಮೊದಲು ಒಬ್ಬೊಬ್ಬರಿಗೆ ಒಂದೊಂದು ಬಗೆಯ ಚಿಟಿಕೆ ಉಪ್ಪು ಬೆರೆಸುತ್ತಾರೆ. ಅದರ ಹೆಸರೇ ‘ಸಾಲ್ಟ್’. ರಾಬರ್ಟ್ ಮಾರಿಸ್ ಮತ್ತು ಕೆನ್ ಥಾಂಪ್ಸನ್ ಯೂನಿಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆಯಲ್ಲಿ ಇದನ್ನು ಹೇಗೆ ಅಳವಡಿಸಿದೆವೆಂದು 1979ರಲ್ಲೇ ವಿವರಿಸಿದ್ದರು.

ಬೀಸುವುದು ಒಂದು ಸಲವೂ ಅಲ್ಲ. ಪಟ್ಟಿ ಕದ್ದವನು ಊಹೆಯ ಪಾಸ್‌ವರ್ಡುಗಳನ್ನು ಒಂದೊಂದಾಗಿ ಬೀಸಿ ನೋಡುತ್ತಾನೆ. ಅವನ ಕೈ ಸೋಲಲಿ ಎಂದು ಬೇಕೆಂದೇ ಕೆಲಸ ಹೆಚ್ಚಿಸುತ್ತಾರೆ. 2012ರ ಜಾಂಗೊ 10 ಸಾವಿರ ಸುತ್ತು ಬೀಸುತ್ತಿತ್ತು, 2025ರ 5.2ನೇ ಆವೃತ್ತಿ 10 ಲಕ್ಷ ಸುತ್ತು ಬೀಸುತ್ತದೆ. ಹಳೆಯ ಸದಸ್ಯರು ಮುಂದಿನ ಸಲ ಲಾಗಿನ್ ಆದಾಗ ಅವರ ಪಾಸ್‌ವರ್ಡನ್ನು ಹೊಸ ಲೆಕ್ಕದಲ್ಲಿ ಮತ್ತೆ ಬೀಸಿ ಇಡುತ್ತದೆ. ಅವರಿಗೆ ಅದು ಗೊತ್ತೂ ಆಗುವುದಿಲ್ಲ.

ನನಗೆ ಅತ್ಯಂತ ಇಷ್ಟವಾದ ಸೂಕ್ಷ್ಮ ಇಲ್ಲೇ ಇದೆ. ಅಷ್ಟು ಸುತ್ತು ಬೀಸಲು ಸೆಕೆಂಡಿನ ಒಂದು ಚೂರಾದರೂ ಹಿಡಿಯುತ್ತದೆ. ಪಟ್ಟಿಯಲ್ಲಿ ಇಲ್ಲದ ನಂಬರ್ ಬಂದರೆ ಬೀಸುವ ಅಗತ್ಯವೇ ಇಲ್ಲ, ‘ಇಲ್ಲ’ ಎಂಬ ಉತ್ತರ ಥಟ್ಟನೆ ಬರಬಹುದು. ಆ ವ್ಯತ್ಯಾಸವನ್ನು ಅಳೆಯುತ್ತಾ ಕೂತವನಿಗೆ ಪಾಸ್‌ವರ್ಡ್ ಗೊತ್ತಾಗದೆಯೇ ಯಾರು ಯಾರು ಸದಸ್ಯರು ಎಂಬುದು ತಿಳಿದುಬಿಡುತ್ತದೆ. ಅದಕ್ಕೆಂದೇ ಜಾಂಗೊದ ಸ್ವಂತ ಬ್ಯಾಕೆಂಡ್, ಆಳು ಸಿಗದಿದ್ದಾಗಲೂ ಬಂದ ಪಾಸ್‌ವರ್ಡನ್ನು ಒಮ್ಮೆ ಸುಮ್ಮನೆ ಬೀಸಿ, ಹಿಟ್ಟನ್ನು ಚೆಲ್ಲಿ, ಆಮೇಲೆ ಇಲ್ಲ ಎನ್ನುತ್ತದೆ. ನಾವೇ ಬರೆದ ಬ್ಯಾಕೆಂಡಿಗೆ ಈ ಗುಣ ತಾನಾಗಿ ಬರುವುದಿಲ್ಲ. ಸಂಘದ ಸದಸ್ಯ ಸಂಖ್ಯೆ ಹುಡುಕುವ ಆ ಹತ್ತು ಹದಿನೈದು ಸಾಲಿನಲ್ಲಿ, ‘ಸಿಗಲಿಲ್ಲ’ ಎಂದು ಮರಳುವ ಜಾಗಕ್ಕೆ ಮುಂಚೆ, ಸುಮ್ಮನೆ ಒಮ್ಮೆ ಬೀಸುವ ಒಂದು ಸಾಲನ್ನು ನಮ್ಮ ಕೈಯಿಂದಲೇ ಸೇರಿಸಬೇಕು.