ಬಳ್ಳಾರಿ ಮಾದರಿ (ಮಾನಸಿಕ ಆರೋಗ್ಯ)

ಬಳ್ಳಾರಿ ಮಾದರಿಯು ಮಾನಸಿಕ ಕಾಯಿಲೆಗಳ ಚಿಕಿತ್ಸೆಯನ್ನು ಪ್ರಾಥಮಿಕ ಆರೋಗ್ಯ ಕೇಂದ್ರಗಳ ದೈನಂದಿನ ಸೇವೆಯೊಳಗೆ ಸೇರಿಸಿದ ಜಿಲ್ಲಾಮಟ್ಟದ ಕಾರ್ಯಕ್ರಮ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ರಾಜ್ಯ ಆರೋಗ್ಯ ಇಲಾಖೆಯ ಸಹಯೋಗದೊಂದಿಗೆ 1980ರ ದಶಕದ ಮಧ್ಯಭಾಗದಲ್ಲಿ ಅಂದಿನ ಬಳ್ಳಾರಿ ಜಿಲ್ಲೆಯಲ್ಲಿ ಇದನ್ನು ಆರಂಭಿಸಿತು. ಈಗ ವಿಜಯನಗರ ಜಿಲ್ಲೆಗೆ ಸೇರಿರುವ ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ ಮತ್ತು ಹರಪನಹಳ್ಳಿ ತಾಲ್ಲೂಕುಗಳು ಆಗ ಇದೇ ಜಿಲ್ಲೆಯಲ್ಲಿದ್ದವು.

ಹಿನ್ನೆಲೆ

ಭಾರತ ಸರ್ಕಾರವು 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮವನ್ನು ಅಂಗೀಕರಿಸಿತಾದರೂ ಅದನ್ನು ಹಳ್ಳಿಗೆ ತಲುಪಿಸುವ ದಾರಿ ಸ್ಪಷ್ಟವಿರಲಿಲ್ಲ. ರಾಜ್ಯದ ಸರ್ಕಾರಿ ಮಾನಸಿಕ ಆಸ್ಪತ್ರೆಗಳಿದ್ದುದು ಬೆಂಗಳೂರು ಮತ್ತು ಧಾರವಾಡಗಳಲ್ಲಿ. ಹರಪನಹಳ್ಳಿ ತಾಲ್ಲೂಕಿನ ಚಿಗಟೇರಿಯಂಥ ಊರಿನ ಕೂಲಿಕಾರ ಕುಟುಂಬಕ್ಕೆ ಅಲ್ಲಿಗೆ ಹೋಗಿಬರುವುದೆಂದರೆ ಬಸ್ಸಿನ ಖರ್ಚಿನೊಂದಿಗೆ, ರೋಗಿಯ ಜೊತೆ ಹೋದವರ ಕೂಲಿಯೂ ನಷ್ಟವಾಗುತ್ತಿತ್ತು. ಬೆಂಗಳೂರು ಸಮೀಪದ ಸಕಲವಾರದ ಗ್ರಾಮೀಣ ಕೇಂದ್ರದಲ್ಲಿ ನಿಮ್ಹಾನ್ಸ್ 1970ರ ದಶಕದಲ್ಲಿ ಪಡೆದ ಅನುಭವವು ಬಳ್ಳಾರಿಯ ಪ್ರಯೋಗಕ್ಕೆ ಆಧಾರವಾಯಿತು.

ಕಾರ್ಯವಿಧಾನ

ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ಅಲ್ಪಾವಧಿಯ ತರಬೇತಿ ನೀಡಲಾಯಿತು. ತೀವ್ರ ಮನೋರೋಗ, ಖಿನ್ನತೆ, ಮೂರ್ಛೆರೋಗ ಮತ್ತು ಬುದ್ಧಿಮಾಂದ್ಯಗಳನ್ನು ಗುರುತಿಸುವುದು, ಕೆಲವೇ ಅಗತ್ಯ ಔಷಧಿಗಳನ್ನು ಕೇಂದ್ರದಲ್ಲಿಯೇ ಒದಗಿಸುವುದು, ಸರಳ ದಾಖಲೆ ಇಡುವುದು ಮತ್ತು ಪ್ರತಿ ತಿಂಗಳು ಜಿಲ್ಲಾಮಟ್ಟದಲ್ಲಿ ಪರಿಶೀಲಿಸುವುದು ಇದರ ಮುಖ್ಯ ಅಂಗಗಳು. ಕ್ಲಿಷ್ಟ ರೋಗಿಗಳಿಗಾಗಿ ಜಿಲ್ಲಾ ಆಸ್ಪತ್ರೆಯಲ್ಲಿ ಮಾನಸಿಕ ಆರೋಗ್ಯ ಚಿಕಿತ್ಸಾಲಯವಿತ್ತು. ಈ ಅನುಭವದ ಮೇಲೆ 1996ರಲ್ಲಿ ಕೇಂದ್ರ ಸರ್ಕಾರವು ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವನ್ನು ರೂಪಿಸಿತು.

ಸಮಾಜಸೇವೆಯೊಂದಿಗಿನ ಸಂಬಂಧ

ಮಾದರಿಯು ಔಷಧಿಯನ್ನು ಹಳ್ಳಿಯ ಹತ್ತಿರಕ್ಕೆ ತಂದಿತು. ಚೇತರಿಸಿಕೊಂಡವರಿಗೆ ಕೆಲಸ, ಆದಾಯ ಮತ್ತು ಊರಿನಲ್ಲಿ ಹಿಂದಿನ ಸ್ಥಾನ ದೊರಕಿಸುವ ವಿಷಯದಲ್ಲಿ ಅದು ಅಷ್ಟು ದೂರ ಸಾಗಲಿಲ್ಲ. ಇಂಥ ಕಾರ್ಯಕ್ರಮಗಳು ಔಷಧಕೇಂದ್ರಿತವಾದವು ಎಂಬುದು ಮುಂದೆ ಪದೇ ಪದೇ ಕೇಳಿಬಂದ ಟೀಕೆ. ತೊಡಕು ಇಲಾಖೆಗಳ ನಡುವಿನದು. ಚಿಕಿತ್ಸೆ ಆರೋಗ್ಯ ಇಲಾಖೆಯದು, ಮಾಸಾಶನ ಕಂದಾಯ ಇಲಾಖೆಯದು, ಪುನರ್ವಸತಿ ವಿಕಲಚೇತನರ ಸಬಲೀಕರಣ ಇಲಾಖೆಯದು, ಉದ್ಯೋಗ ಖಾತರಿಯ ಕೆಲಸ ಗ್ರಾಮ ಪಂಚಾಯಿತಿಯದು. ಮಾಸಾಶನಕ್ಕೆ ಮನೋವೈದ್ಯರ ಮೌಲ್ಯಮಾಪನದ ಮೇಲೆ ದೊರೆಯುವ ಪ್ರಮಾಣಪತ್ರ ಬೇಕು; ಅದಕ್ಕಾಗಿ ಹಳ್ಳಿಯವರು ಮತ್ತೆ ದೂರದ ಆಸ್ಪತ್ರೆಗೇ ಅಲೆಯಬೇಕಾಗುತ್ತದೆ. ಮಾನಸಿಕ ಕಾಯಿಲೆಯು ಕಣ್ಣಿಗೆ ಕಾಣುವ ಊನವಲ್ಲದ ಕಾರಣ ಅರ್ಜಿ ಹಾಕಬಹುದೆಂಬುದೇ ಅನೇಕ ಮನೆಗಳಿಗೆ ತಿಳಿದಿರುವುದಿಲ್ಲ.

ಈ ಅಂತರವನ್ನು ತುಂಬಬಲ್ಲವರು ಗ್ರಾಮ ಪಂಚಾಯಿತಿ ಮಟ್ಟದ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಮತ್ತು ಆಶಾ ಕಾರ್ಯಕರ್ತೆಯರು. ರೋಗಿ ಮಾತ್ರೆ ಬಿಟ್ಟಿರುವುದನ್ನೂ ಮನೆಯಲ್ಲಿ ದುಡಿಯುವವರಿಲ್ಲದಿರುವುದನ್ನೂ ಒಂದೇ ಭೇಟಿಯಲ್ಲಿ ಕಾಣಬಲ್ಲವರು ಇವರೇ. ತೀರ್ಥಹಳ್ಳಿ ಮತ್ತು ತುರುವೇಕೆರೆ ತಾಲ್ಲೂಕುಗಳಲ್ಲಿ ನಿಮ್ಹಾನ್ಸ್ ನಂತರ ಕೈಗೊಂಡ ಸಮುದಾಯ ಕಾರ್ಯಕ್ರಮಗಳಲ್ಲಿ ತೀವ್ರ ಮನೋರೋಗಿಗಳನ್ನು ಹಲವು ವರ್ಷ ಹಿಂಬಾಲಿಸಿ ನೋಡಿಕೊಳ್ಳಲಾಯಿತು. ರಾಜ್ಯ ಸರ್ಕಾರದ ಮನೋಚೈತನ್ಯ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದ ಚಿಕಿತ್ಸಾಲಯಗಳು ಆರಂಭವಾದವು. ಚೇತರಿಸಿಕೊಳ್ಳುತ್ತಿರುವವರ ಹಗಲು ಆರೈಕೆಗೆ ಮಾನಸಧಾರ ಕೇಂದ್ರಗಳಿವೆ. 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯು ಮಾನಸಿಕ ಕಾಯಿಲೆಯನ್ನು 21 ಬಗೆಯ ವೈಕಲ್ಯಗಳಲ್ಲಿ ಸೇರಿಸಿದೆ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿಯನ್ನು 14416 ಸಂಖ್ಯೆಗೆ ಕರೆಮಾಡಿ ಪಡೆಯಬಹುದು.