ಸದ್ದಿಲ್ಲದ ಕೀಬೋರ್ಡು, ಒಂಟಿದನಿಯ ಸಿಂಥ್

ಹೊಸ ಮಿಡಿ ಕೀಬೋರ್ಡ್ ತಂದು, ಯುಎಸ್‌ಬಿ ವೈರು ಸಿಕ್ಕಿಸಿ, ಆಸೆಯಿಂದ ಒಂದು ಬಿಳಿ ಮನೆ ಒತ್ತಿದವರಿಗೆ ಕೇಳಿಸುವುದು ಪ್ಲಾಸ್ಟಿಕ್ಕಿನ ಟಕ್ ಸದ್ದು, ಅಷ್ಟೇ. ಸ್ಪೀಕರ್ ಎಲ್ಲಿದೆ ಎಂದು ತಿರುವಿಹಾಕಿ ನೋಡುತ್ತಾರೆ. ಇಯರ್‌ಫೋನ್ ಚುಚ್ಚುವುದಕ್ಕೂ ಜಾಗವಿಲ್ಲ. ಪೀಸೇ ಸರಿಯಿಲ್ಲ ಎಂದು ಅಂಗಡಿಗೆ ವಾಪಸು ಒಯ್ಯುವವರೂ ಉಂಟು. ಪೀಸು ಸರಿಯಾಗಿಯೇ ಇರುತ್ತದೆ. ನಾದ ಹುಟ್ಟಿಸುವ ಭಾಗ ಅದರೊಳಗೆ ಇರುವುದೇ ಇಲ್ಲ. ಕಾಲಿಂಗ್ ಬೆಲ್ಲಿನ ಗುಂಡಿ ಬಾಗಿಲ ಹೊರಗಿರುತ್ತದೆ, ಗಂಟೆ ಹಾಲ್‌ನಲ್ಲಿರುತ್ತದೆ. ನೀವು ಕೊಂಡು ತಂದದ್ದು ಗುಂಡಿ ಮಾತ್ರ.

ಹಾರ್ಮೋನಿಯಂ, ಕ್ಯಾಸಿಯೊ ನೋಡಿ ಬೆಳೆದ ನಮಗೆ ಮನೆಗಳೂ ನಾದವೂ ಒಂದೇ ಪೆಟ್ಟಿಗೆಯಲ್ಲಿರಬೇಕು ಅನಿಸುವುದು ಸಹಜ. ಅವೆರಡರ ದಾರಿ ಬೇರೆಯಾದದ್ದು 1983ರಲ್ಲಿ. ಆ ವರ್ಷದ ಜನವರಿಯಲ್ಲಿ ಕ್ಯಾಲಿಫೋರ್ನಿಯಾದ ನ್ಯಾಮ್ ವಾದ್ಯ ಮೇಳದಲ್ಲಿ ಅಮೆರಿಕದ ಪ್ರಾಫೆಟ್-600 ಮತ್ತು ಜಪಾನಿನ ಜುಪಿಟರ್-6 ಎಂಬ ಎರಡು ಸಿಂಥಸೈಜರ್‌ಗಳನ್ನು ಒಂದು ಕೇಬಲ್ಲಿನಿಂದ ಜೋಡಿಸಿದರು. ಇದರ ಮನೆ ಒತ್ತಿದರೆ ಅದು ನುಡಿಯಿತು. ಪೈಪೋಟಿಯ ಕಂಪನಿಗಳ ಯಂತ್ರಗಳು ಹೀಗೆ ಮಾತಾಡಿಕೊಳ್ಳುವುದು ಆಗ ದೊಡ್ಡ ಸಂಗತಿ. ಮಿಡಿ ಎಂಬ ಈ ಸಂಪರ್ಕಭಾಷೆಯ ಹಿಂದಿದ್ದವರು ಸೀಕ್ವೆನ್ಷಿಯಲ್ ಸರ್ಕ್ಯೂಟ್ಸ್‌ನ ಡೇವ್ ಸ್ಮಿತ್, ರೋಲ್ಯಾಂಡ್‌ನ ಇಕುತಾರೊ ಕಕೆಹಾಶಿ. ಮೂವತ್ತು ವರ್ಷ ಕಳೆದ ಮೇಲೆ, 2013ರಲ್ಲಿ, ಇಬ್ಬರಿಗೂ ತಾಂತ್ರಿಕ ಗ್ರ್ಯಾಮಿ ಬಂತು.

ಕೇಬಲ್ಲಿನಲ್ಲಿ ಹರಿಯುವುದು ಏನು? ಮೂರು ಸಂಖ್ಯೆಗಳು. ಮಧ್ಯದ 'ಸಿ', ಅಂದರೆ ನಮ್ಮ ಗಾಯಕರು 'ಬಿಳಿ ಒಂದು' ಎನ್ನುವ ಮನೆ ಒತ್ತಿದರೆ 144, 60, 100 ಎಂದು ಹೋಗಬಹುದು. ಮೊದಲನೆಯದು 'ಒಂದನೇ ಚಾನೆಲ್ಲಿನಲ್ಲಿ ಸ್ವರ ಶುರು' ಎಂಬ ಅಪ್ಪಣೆ, ಎರಡನೆಯದು ಮನೆಯ ನಂಬರು, ಮೂರನೆಯದು ಒತ್ತಿದ ರಭಸ. ಕೊನೆಯ ಎರಡು ನಂಬರುಗಳು 0ಯಿಂದ 127ರವರೆಗೆ. ಸೆಕೆಂಡಿಗೆ 31,250 ಬಿಟ್ ವೇಗದ ಆ ಹಳೆಯ ಕೇಬಲ್ಲಿನಲ್ಲೂ ಈ ಮೂರು ಸಂಖ್ಯೆ ದಾಟಲು ಒಂದು ಮಿಲಿಸೆಕೆಂಡ್ ಸಾಕು. ಅದೇ ಮೂರು ಸಂಖ್ಯೆಗೆ ಕಂಪ್ಯೂಟರಿನಲ್ಲಿ ಪಿಯಾನೊ ನುಡಿಯಲಿ, ಕೊಳಲು ನುಡಿಯಲಿ, ಅದು ಕೀಬೋರ್ಡಿಗೆ ಸಂಬಂಧಿಸಿದ್ದಲ್ಲ.

ಹಾಗಾಗಿ ಮಿಡಿ ಕೀಬೋರ್ಡ್ ಕೊಳ್ಳುವಾಗ 'ಸೌಂಡ್ ಹೇಗಿದೆ' ಎಂದು ಕೇಳುವುದರಲ್ಲಿ ಅರ್ಥವಿಲ್ಲ. ಕೈಗೆ ಹೇಗಿದೆ ಎಂದು ನೋಡಬೇಕು. ಅಂಗಡಿಯಲ್ಲೇ ಮಾಡಬಹುದಾದ ಒಂದು ಪರೀಕ್ಷೆ ಇದೆ. ಕೀಬೋರ್ಡನ್ನು ಯಾವುದಾದರೂ ಪಿಯಾನೊ ದನಿಗೆ ಜೋಡಿಸಿ, ಒಂದು ಮನೆಯನ್ನು ಮೈಯ ಬಲವನ್ನೆಲ್ಲ ಹಾಕಿ, ಆದರೆ ಬಹಳ ನಿಧಾನವಾಗಿ ಒತ್ತಿ. ದನಿ ಮೆಲ್ಲಗೆ ಬರುತ್ತದೆ. ಈಗ ಅದೇ ಮನೆಯನ್ನು ಕಿರುಬೆರಳಿನಿಂದ ಚಟ್ಟನೆ ಮೀಟಿ. ಜೋರಾಗಿ ಬರುತ್ತದೆ. ಯಂತ್ರ ಅಳೆಯುವುದು ಬಲವನ್ನಲ್ಲ, ವೇಗವನ್ನು. ಪ್ರತಿ ಮನೆಯ ಅಡಿಯಲ್ಲಿ ರಬ್ಬರಿನ ಪುಟ್ಟ ಗುಮ್ಮಟ, ಅದರೊಳಗೆ ಇಂಗಾಲ ಲೇಪಿಸಿದ ಎರಡು ಬಿಂದು, ಒಂದು ಕೊಂಚ ತಗ್ಗು, ಇನ್ನೊಂದು ಕೊಂಚ ಎತ್ತರ. ಮನೆ ಇಳಿಯುವಾಗ ಮೊದಲು ಒಂದು ತಾಗುತ್ತದೆ, ಕ್ಷಣ ಬಿಟ್ಟು ಇನ್ನೊಂದು. ಆ ನಡುವಿನ ಅಂತರವನ್ನು ಚಿಪ್ ಎಣಿಸುತ್ತದೆ. ಅಂತರ ಕಡಿಮೆಯಾದಷ್ಟೂ ಸಂಖ್ಯೆ 127ರ ಹತ್ತಿರ. ಹೇಗೆ ಒತ್ತಿದರೂ ಒಂದೇ ಜೋರು ಬಂದರೆ ಕೀಬೋರ್ಡಿಗೆ ಈ ಸೌಲಭ್ಯ ಇಲ್ಲ, ಇಲ್ಲವೇ ಆಫ್ ಆಗಿದೆ ಎಂದರ್ಥ. ಇಲ್ಲದ್ದನ್ನು ಕೊಳ್ಳಬೇಡಿ, ಎಷ್ಟೇ ಅಗ್ಗವಾಗಿರಲಿ.

ಮನೆಗಳ ಸಂಖ್ಯೆಯ ಬಗ್ಗೆ ಜನ ತಲೆ ಕೆಡಿಸಿಕೊಳ್ಳುವ ಅಗತ್ಯವಿಲ್ಲ. ಬೀಟ್ ಕಟ್ಟುವವರಿಗೆ 25 ಸಾಕು. ಎರಡೂ ಕೈ ಆಡಿಸುವವರಿಗೆ 49 ಬೇಕು. ಪಿಯಾನೊ ಕಲಿತವರು 88ರ ಕಡೆಗೆ ತಾವಾಗಿಯೇ ಹೋಗುತ್ತಾರೆ, ಅವರಿಗೆ ನನ್ನ ಸಲಹೆ ಬೇಕಿಲ್ಲ. ಮನೆಯಲ್ಲಿ ಹಳೆಯ ಕ್ಯಾಸಿಯೊ ಅಥವಾ ಯಮಾಹಾ ಇದ್ದರೆ ಅದರ ಬೆನ್ನನ್ನೊಮ್ಮೆ ನೋಡಿ. ಯುಎಸ್‌ಬಿ ಕಿಂಡಿಯೋ, ದುಂಡನೆಯ ಐದು ಪಿನ್ನಿನ ಕಿಂಡಿಯೋ ಇದ್ದು, ಪಕ್ಕದಲ್ಲಿ ಮಿಡಿ ಎಂದು ಬರೆದಿದ್ದರೆ ಸದ್ಯಕ್ಕೆ ಹೊಸ ಕೀಬೋರ್ಡ್ ಕೊಳ್ಳಬೇಕಿಲ್ಲ.

ನಾದ ಹುಟ್ಟಿಸುವ ಭಾಗವೂ ಆರಂಭದಲ್ಲಿ ಪುಕ್ಕಟೆಯಾಗಿಯೇ ಸಿಗುತ್ತದೆ. ಸರ್ಜ್ ಎಕ್ಸ್‌ಟಿ, ವೈಟಲ್ ಎಂಬ ಸಾಫ್ಟ್‌ವೇರ್ ಸಿಂಥ್‌ಗಳಿವೆ. 1983ರ ಯಮಾಹಾ ಡಿಎಕ್ಸ್7ರ ಗಾಜಿನಂಥ ದನಿಗಳು ಬೇಕಿದ್ದರೆ ಡೆಕ್ಸೆಡ್ ಇದೆ. ಇಲ್ಲಿ ಹೊಸಬರನ್ನು ಹೈರಾಣಾಗಿಸುವುದು ಒಂದೇ ತೊಂದರೆ: ಒತ್ತಿದ ಮೇಲೆ ತಡವಾಗಿ ನುಡಿಯುವುದು. ಬೈಗುಳ ಕೀಬೋರ್ಡಿಗೆ ಬೀಳುತ್ತದೆ, ತಪ್ಪು ಮಾತ್ರ ಕಂಪ್ಯೂಟರಿನ ಆಡಿಯೊ ಸೆಟ್ಟಿಂಗಿನದು. ಕಂಪ್ಯೂಟರ್ ಧ್ವನಿಯನ್ನು ಕಂತುಕಂತಾಗಿ ಕೂಡಿಟ್ಟು ಹೊರಬಿಡುತ್ತದೆ. ಸೆಕೆಂಡಿಗೆ 44,100 ಸ್ಯಾಂಪಲ್ ಲೆಕ್ಕದಲ್ಲಿ, 1024 ಸ್ಯಾಂಪಲ್ಲಿನ ಕಂತಿಗೆ ಸುಮಾರು 23 ಮಿಲಿಸೆಕೆಂಡ್ ಹಿಡಿಯುತ್ತದೆ, 128ರ ಕಂತಿಗೆ 3 ಮಿಲಿಸೆಕೆಂಡೂ ಬೇಡ. ಬಫರ್ ಎಂಬಲ್ಲಿ ಸಂಖ್ಯೆ ಇಳಿಸಿ. ದನಿ ಚಟಚಟ ಒಡೆಯತೊಡಗಿದರೆ ಒಂದು ಮೆಟ್ಟಿಲು ಮೇಲೆ ಹೋಗಿ.

ಇನ್ನು ಸಿಂಥಸೈಜರ್. ಇದರೊಳಗೆ ಗಂಟೆ ಉಂಟು. ಸ್ಕ್ರೀನಿನಲ್ಲಿ ಮೌಸ್ ಹಿಡಿದು ಕಲಿತದ್ದಕ್ಕಿಂತ ಗುಂಡಿ ತಿರುಗಿಸಿ ಕಲಿತದ್ದು ಬೇಗ ತಲೆಗೆ ಹತ್ತುತ್ತದೆ, ಹಾಗಾಗಿ ಒಂದೊಂದು ಕೆಲಸಕ್ಕೆ ಒಂದೊಂದು ಗುಂಡಿ ಇರುವ ಯಂತ್ರವೇ ಹೊಸಬರಿಗೆ ಲೇಸು. ಆಸಿಲೇಟರ್ ಗುಂಡಿಯನ್ನು ಗರಗಸದ ಹಲ್ಲಿನ ಚಿತ್ರಕ್ಕೆ ತಿರುಗಿಸಿ. ಕರ್ಕಶವಾದ, ಜೇನ್ನೊಣ ಸಿಟ್ಟಾದಂಥ ದನಿ. ಮೂಲ ಸ್ವರದ ಎರಡು ಪಟ್ಟು, ಮೂರು ಪಟ್ಟು, ನಾಲ್ಕು ಪಟ್ಟು ಆವೃತ್ತಿಯ ಅನುಸ್ವರಗಳೆಲ್ಲ ಅದರಲ್ಲಿ ತುಂಬಿರುತ್ತವೆ. ಚೌಕದ ಚಿತ್ರಕ್ಕೆ ತಂದರೆ ಬೆಸ ಸಂಖ್ಯೆಯವು ಮಾತ್ರ ಉಳಿದು ದನಿ ಕ್ಲಾರಿನೆಟ್ಟಿನಂತೆ ಪೊಳ್ಳಾಗುತ್ತದೆ. ಈಗ ಫಿಲ್ಟರಿನ ಕಟಾಫ್ ಎಂಬ ಗುಂಡಿಯನ್ನು ಮೆಲ್ಲಗೆ ಎಡಕ್ಕೆ ತಿರುಗಿಸಿ. ಮೇಲಿನ ಅನುಸ್ವರಗಳು ಒಂದೊಂದಾಗಿ ಕಳಚಿಕೊಳ್ಳುತ್ತ ಹೋಗುವುದು ಕಿವಿಗೆ ಸ್ಪಷ್ಟವಾಗಿ ತಿಳಿಯುತ್ತದೆ. ಪಕ್ಕದ ರೆಸೊನೆನ್ಸ್ ಏರಿಸಿ ಮತ್ತೆ ತಿರುಗಿಸಿದರೆ, ಫಿಲ್ಟರ್ ದಾಟಿ ಹೋಗುವ ಪ್ರತಿ ಅನುಸ್ವರವೂ ಸಿಳ್ಳೆ ಹೊಡೆದಂತೆ ಎದ್ದು ಕೇಳುತ್ತದೆ. ನಾದಶಾಸ್ತ್ರದ ಒಂದು ಅಧ್ಯಾಯವನ್ನು ಇಷ್ಟು ಅಗ್ಗದಲ್ಲಿ ಹೇಳಿಕೊಡುವ ಉಪಕರಣ ಬೇರೆ ಇಲ್ಲ.

ಅಂಗಡಿಯವರು ಇಲ್ಲಿ 'ಎಷ್ಟು ವಾಯ್ಸ್' ಎಂದು ಶುರು ಮಾಡುತ್ತಾರೆ. ಏಕಕಾಲಕ್ಕೆ ನಾಲ್ಕು ಸ್ವರ, ಎಂಟು ಸ್ವರ ನುಡಿಯುವುದು ಪಾಲಿ. ಒಂದೇ ಸ್ವರ ನುಡಿಯುವುದು ಮೋನೊ, ಬಡಪಾಯಿ. ಕಾರ್ಡ್ ಬೇಕೆನ್ನುವವರಿಗೆ ಪಾಲಿಯೇ ಸರಿ. ನಮ್ಮ ಸಂಗೀತ ಕಿವಿಯಲ್ಲಿಟ್ಟುಕೊಂಡು ಬರುವವರಿಗೆ ಮಾತ್ರ ನಾನು ಒಂಟಿದನಿಯನ್ನೇ ಶಿಫಾರಸು ಮಾಡುತ್ತೇನೆ. ಕೀಬೋರ್ಡಿನಲ್ಲಿ ಗಮಕ ಬಾರದು ಎಂಬುದು ಹಾರ್ಮೋನಿಯಂ ಕಾಲದ ದೂರು. ಮೋನೊ ಸಿಂಥ್‌ನಲ್ಲಿ ಒಂದು ಮನೆ ಬಿಡದೆ ಇನ್ನೊಂದು ಒತ್ತಿದರೆ, ಗ್ಲೈಡ್ ಹಾಕಿದ್ದಲ್ಲಿ, ಸ್ವರ ಜಾರುತ್ತ ಹೋಗುತ್ತದೆ. ಲೆಗಾಟೊ ಇಟ್ಟಿದ್ದರೆ ಹೊಸ ಪೆಟ್ಟು ಬೀಳುವುದಿಲ್ಲ. ವೀಣೆಯಲ್ಲಿ ಒಂದೇ ಮೀಟು ಹಾಕಿ ಉಳಿದದ್ದನ್ನೆಲ್ಲ ಎಡಗೈಯಲ್ಲಿ ಎಳೆಯುವ ಹಾಗೆ.

ಇದನ್ನು ಮಾಡಿ ತೋರಿಸಿದವರು ಮುಂಬೈಯ ಸಿನಿಮಾ ವಾದ್ಯಗಾರ ಚರಣ್‌ಜಿತ್ ಸಿಂಗ್. 1982ರಲ್ಲಿ ಹತ್ತು ರಾಗಗಳನ್ನು ಡಿಸ್ಕೊ ತಾಳಕ್ಕೆ ಕೂಡಿಸಿ ಅವರು ಒಂದು ರೆಕಾರ್ಡ್ ತಂದರು. ಬಳಸಿದ್ದು ರೋಲ್ಯಾಂಡ್‌ನ ಜುಪಿಟರ್-8, ಟಿಆರ್-808 ಮತ್ತು ಟಿಬಿ-303. ಕೊನೆಯದು ಒಂಟಿದನಿಯ, ಸ್ವರದಿಂದ ಸ್ವರಕ್ಕೆ ಜಾರಬಲ್ಲ ಪುಟ್ಟ ಪೆಟ್ಟಿಗೆ. ಅದೇ ಪೆಟ್ಟಿಗೆಯ ಜಾರು ದನಿಯಿಂದ ಶಿಕಾಗೋದಲ್ಲಿ ಆ್ಯಸಿಡ್ ಹೌಸ್ ಎಂಬ ಪ್ರಕಾರ ಹೊಮ್ಮಿದ್ದು ಕೆಲವು ವರ್ಷಗಳ ನಂತರ. ಸಿಂಗ್ ಅವರ ರೆಕಾರ್ಡು ಆಗ ಹೆಚ್ಚು ಮಾರಾಟವಾಗಲಿಲ್ಲ. 2010ರಲ್ಲಿ ಮರುಬಿಡುಗಡೆಯಾದಾಗ ಜಗತ್ತು ಹುಬ್ಬೇರಿಸಿತು.

ಗಮಕಕ್ಕೆ ಎರಡನೆಯ ಆಸರೆ ಎಡಗಡೆಯ ಪಿಚ್ ಬೆಂಡ್ ಚಕ್ರ. ರಭಸಕ್ಕೆ 128 ಮೆಟ್ಟಿಲು ಕೊಟ್ಟ ಮಿಡಿ, ಈ ಚಕ್ರಕ್ಕೆ 16,384 ಮೆಟ್ಟಿಲು ಕೊಟ್ಟಿದೆ. ಆದರೆ ಎಲ್ಲ ಕೀಬೋರ್ಡಿನಲ್ಲೂ ಚಕ್ರ ಇರುವುದಿಲ್ಲ. ಬಹಳ ಜನ ಕೊಳ್ಳುವ ಅಕಾಯ್ ಎಂಪಿಕೆ ಮಿನಿಯ ಹಲವು ಮಾದರಿಗಳಲ್ಲಿ ಇರುವುದು ಪುಟ್ಟ ಜಾಯ್‌ಸ್ಟಿಕ್, ಆರ್ಟೂರಿಯಾ ಮಿನಿಲ್ಯಾಬ್‌ನಲ್ಲಿ ಬೆರಳು ಸವರುವ ಪಟ್ಟಿ. ಕಾಂಭೋಜಿಯ ಎಳೆತಕ್ಕೆ ಇವೆರಡೂ ಚಕ್ರಕ್ಕೆ ಸಮನಲ್ಲ ಎಂದು ನನ್ನ ಅಭಿಪ್ರಾಯ. ಇನ್ನೊಂದು ಎಚ್ಚರಿಕೆ: ಚಕ್ರ ಬಗ್ಗಿಸುವುದು ಆ ಚಾನೆಲ್ಲಿನ ಸ್ವರಗಳನ್ನೆಲ್ಲ. ತಂಬೂರಿಯ ದನಿಯನ್ನೂ ಅದೇ ಚಾನೆಲ್ಲಿನಲ್ಲಿಟ್ಟು ಗಾಂಧಾರ ಅಲುಗಿಸಿದರೆ ಶ್ರುತಿಯೇ ಅಲುಗಾಡುತ್ತದೆ. ಹದಿನಾರು ಚಾನೆಲ್ ಇವೆ, ಬೇರೆಬೇರೆ ಇಡಿ.

ಗಾಂಧಾರದ ವಿಷಯ ಬಂತು, ಹೇಳಿಬಿಡುತ್ತೇನೆ. 'ಬಿಳಿ ಒಂದ'ರ ಶ್ರುತಿಗೆ ಕೀಬೋರ್ಡಿನ ಅಂತರ ಗಾಂಧಾರ 329.6 ಹರ್ಟ್ಜ್. ತಂಬೂರಿಯೊಳಗೆ ತಾನಾಗಿ ಕೇಳುವ ಗಾಂಧಾರದ ಪ್ರಕಾರ ಅದು 327ರ ಹತ್ತಿರ ಇರಬೇಕು. ಒಂದೊಂದು ಸ್ವರವನ್ನೂ ಹೀಗೆ ಇಳಿಸಿ ಏರಿಸಿಕೊಳ್ಳುವ ಮೈಕ್ರೊಟ್ಯೂನಿಂಗ್ ಕೊರ್ಗ್ ಮೊನೊಲಾಗ್ ಎಂಬ ಸಣ್ಣ ಮೋನೊ ಸಿಂಥ್‌ನಲ್ಲಿದೆ, ಪುಕ್ಕಟೆಯ ಸರ್ಜ್‌ನಲ್ಲೂ ಇದೆ.

ಸೆಕೆಂಡ್ ಹ್ಯಾಂಡ್ ಕೊಳ್ಳುವುದಾದರೆ ಫೋನು, ಅದಕ್ಕೊಂದು ಒಟಿಜಿ ಕೇಬಲ್ ಜೊತೆಗಿರಲಿ. ಪ್ರತಿ ಮನೆಯನ್ನೂ ಒಮ್ಮೆ ನಿಧಾನ, ಒಮ್ಮೆ ಚಟ್ಟನೆ ಒತ್ತಿ. ಯಾವುದಾದರೂ ಮನೆ ಹೇಗೆ ಮುಟ್ಟಿದರೂ ಅಬ್ಬರಿಸಿದರೆ ಅಥವಾ ನುಡಿಯದೇ ಇದ್ದರೆ ಆ ಎರಡು ಬಿಂದುಗಳ ನಡುವೆ ಧೂಳು ಕೂತಿರುವ ಸಾಧ್ಯತೆ ಹೆಚ್ಚು. ಬಿಚ್ಚಿ, ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿದ ಬಟ್ಟೆಯಿಂದ ಒರೆಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಮಾರುವವರಿಗೆ ಅದು ಗೊತ್ತಿಲ್ಲದಿದ್ದರೆ ದರ ಇಳಿಸಿ ಕೇಳಲು ಅಡ್ಡಿಯಿಲ್ಲ.